ಎಳೆದ ಹಗ್ಗ ಒಳಗೆ ಹೋಗದಿದ್ದರೆ
(ಮರ ಕೊಯ್ಯುವ ಮಿಷನ್ನಿನ ಬಗ್ಗೆ ಒಂದು ಪಾಠ)



ಮಳೆಗಾಲದ ಒಂದು ಬೆಳಿಗ್ಗೆ ಸಕ್ರೆಬೈಲಿನ ಹತ್ತಿರದ ಒಂದು ಅಡಿಕೆ ತೋಟಕ್ಕೆ ಹೋಗಿದ್ದೆನು. ಹಿಂದಿನ ರಾತ್ರಿಯ ಗಾಳಿಗೆ ಹಲಸಿನ ಮರದ ದೊಡ್ಡ ಕೊಂಬೆಯೊಂದು ಮುರಿದು ಬಸಿಗಾಲುವೆಗೆ ಅಡ್ಡ ಬಿದ್ದಿತ್ತು. ನೀರು ಮುಂದೆ ಹೋಗಲಾರದೆ ಅಡಿಕೆ ಮರಗಳ ಬುಡದಲ್ಲಿ ನಿಲ್ಲತೊಡಗಿತ್ತು. ತೋಟದ ಯಜಮಾನರ ಬಳಿ ಪೆಟ್ರೋಲಿನಿಂದ ನಡೆಯುವ ಮರ ಕೊಯ್ಯುವ ಮಿಷನ್ನು ಇತ್ತು. ಆದರೆ ಅದರ ಸ್ಟಾರ್ಟರ್ ಹಗ್ಗ, ದಣಿದ ನಾಯಿಯ ನಾಲಿಗೆಯಂತೆ ಹೊರಗೆ ಜೋತುಬಿದ್ದಿತ್ತು.

“ಎಳೆದರೆ ಬರುತ್ತದೆ, ಬಿಟ್ಟರೆ ಒಳಗೆ ಹೋಗುವುದಿಲ್ಲ. ಸ್ಪ್ರಿಂಗೇ ತುಂಡಾಗಿರಬೇಕು ಮಾರಾಯ್ರೆ. ಹೊಸ ಸ್ಟಾರ್ಟರ್ ತರಲು ಶಿವಮೊಗ್ಗಕ್ಕೆ ಹೊರಟೆ” ಎಂದರು.

“ಸ್ವಲ್ಪ ತಡೆಯಿರಿ ಯಜಮಾನರೇ, ಮೊದಲು ಬಿಚ್ಚಿ ನೋಡೋಣ” ಎಂದೆನು.

ಬಿಚ್ಚಿ ನೋಡಿದರೆ ಸ್ಪ್ರಿಂಗು ನೆಟ್ಟಗಿತ್ತು. ಮರದ ಹೊಟ್ಟು, ಎಣ್ಣೆ, ಮಳೆಯ ನೀರು ಮೂರೂ ಸೇರಿ ರಾಟೆಯ ಸುತ್ತ ಹಿಟ್ಟಿನಂತೆ ಮೆತ್ತಿಕೊಂಡು ಒಣಗಿದ್ದವು. ಒಂದು ಹಳೆಯ ಬ್ರಷ್ಷು, ಒಂದು ಒಣ ಬಟ್ಟೆ, ಅರ್ಧ ಗಂಟೆಯ ಕೆಲಸ. ಇಷ್ಟರಲ್ಲಿ ಮಿಷನ್ನು ಸರಿಹೋಯಿತು. ಮಧ್ಯಾಹ್ನದೊಳಗೆ ಕಾಲುವೆ ತೆರೆಯಿತು.

ಆದರೆ ಯಜಮಾನರು ತಾವೇ ಸ್ಕ್ರೂ ಡ್ರೈವರ್ ಹಿಡಿದು ಮುಂದೆ ಬಂದಾಗ ನಾನು ಅವರನ್ನು ತಡೆದಿದ್ದೆನು. ಕಾರಣ ನನ್ನ ಬಲ ಹುಬ್ಬಿನ ಮೇಲಿರುವ ಗಾಯದ ಗುರುತು. ಕೃಷಿ ಡಿಪ್ಲೊಮಾ ಓದುತ್ತಿದ್ದಾಗ, ಔಷಧಿ ಹೊಡೆಯುವ ಮಿಷನ್ನಿನ ಇಂಥದೇ ಸ್ಟಾರ್ಟರನ್ನು ಅವಸರದಿಂದ ಬಿಚ್ಚಿದೆನು. ರಾಟೆಯನ್ನು ಎತ್ತಿದ ಕೂಡಲೇ ಒಳಗಿನ ಸ್ಪ್ರಿಂಗು ಹಾವಿನಂತೆ ನೆಗೆದು ಮುಖಕ್ಕೆ ಬಡಿಯಿತು. ಇನ್ನೊಂದು ಬೆರಳಿನಷ್ಟು ಕೆಳಗೆ ಬಡಿದಿದ್ದರೆ ಕಣ್ಣೇ ಹೋಗುತ್ತಿತ್ತು. ಆದುದರಿಂದ ಈ ಪಾಠದಲ್ಲಿ ಎರಡು ಮಾತುಗಳುಂಟು. ದೋಷ ಎಲ್ಲಿದೆಯೆಂದು ಕ್ರಮವಾಗಿ ಹುಡುಕಬೇಕು. ಸ್ಪ್ರಿಂಗಿಗೆ ಹೆದರಬೇಕಾದಷ್ಟು ಹೆದರಲೇಬೇಕು.

ಒಳಗೆ ಏನಿದೆ?

ಮಿಷನ್ನಿನ ಪಕ್ಕದಲ್ಲಿ ಸೀಳುಗಳಿರುವ ಒಂದು ಮುಚ್ಚಳವಿದೆ. ಅದರೊಳಗೆ ಒಂದು ರಾಟೆ; ರಾಟೆಗೆ ಸುತ್ತಿದ ಹಗ್ಗ; ರಾಟೆಯ ಹಿಂದೆ ಚಪ್ಪಟೆ ಉಕ್ಕಿನ ಪಟ್ಟಿಯ ಸುರುಳಿ ಸ್ಪ್ರಿಂಗು. ಹಿಡಿಯನ್ನು ಎಳೆದಾಗ ರಾಟೆ ತಿರುಗುತ್ತದೆ. ಸಣ್ಣ ಹಲ್ಲುಗಳು ಚಾಚಿ ರಾಟೆಯನ್ನೂ ಇಂಜಿನ್ನಿನ ಮ್ಯಾಗ್ನೆಟ್ ಚಕ್ರವನ್ನೂ ಜೋಡಿಸುತ್ತವೆ, ಇಂಜಿನ್ನು ಸುತ್ತುತ್ತದೆ. ಅದೇ ವೇಳೆಗೆ ಸ್ಪ್ರಿಂಗು ಬಿಗಿಯಾಗುತ್ತದೆ. ಇಂಜಿನ್ನು ಹಿಡಿದುಕೊಂಡ ಮೇಲೆ ಹಲ್ಲುಗಳು ಬಿಟ್ಟುಕೊಳ್ಳುತ್ತವೆ, ಸ್ಪ್ರಿಂಗು ರಾಟೆಯನ್ನು ಹಿಂದಕ್ಕೆ ತಿರುಗಿಸಿ ಹಗ್ಗವನ್ನು ಒಳಗೆ ಸುತ್ತಿಕೊಳ್ಳುತ್ತದೆ. ಎಳೆಯುವ ಬಲ ನಮ್ಮದು, ಹಿಂದಕ್ಕೆ ಕರೆದುಕೊಳ್ಳುವ ಬಲ ಸ್ಪ್ರಿಂಗಿನದು. ಹಗ್ಗ ಒಳಗೆ ಹೋಗಲಿಲ್ಲವೆಂದರೆ ಆ ಬಲ ಕಡಿಮೆಯಾಗಿದೆ, ಇಲ್ಲವೇ ದಾರಿಯಲ್ಲಿ ಏನೋ ತಡೆಯುತ್ತಿದೆ.

ಬಿಚ್ಚುವ ಮೊದಲು

ಇಂಜಿನ್ನು ತಣ್ಣಗಾಗಿರಲಿ. ಸ್ವಿಚ್ಚನ್ನು ಆರಿಸಿ, ಪ್ಲಗ್ಗಿನ ಟೋಪಿಯನ್ನು ಕಿತ್ತಿಡಿ. ಚೈನಿನ ಮೇಲೆ ಅದರ ಕವಚವನ್ನು ಹಾಕಿ. ಕಣ್ಣಿಗೆ ಕನ್ನಡಕ, ಕೈಗೆ ಚರ್ಮದ ಕೈಗವಸು ಧರಿಸಿ. ಮಕ್ಕಳನ್ನು ದೂರ ಕಳುಹಿಸಿ. ನೆಲದ ಮೇಲೆ ಬಿಳಿಯ ಬಟ್ಟೆ ಹಾಸಿಕೊಂಡರೆ ಸ್ಕ್ರೂಗಳು ಕಳೆದುಹೋಗುವುದಿಲ್ಲ.

ದೋಷವನ್ನು ಹುಡುಕುವ ಕ್ರಮ

ಮುಚ್ಚಳದ ಸ್ಕ್ರೂಗಳನ್ನು ತೆಗೆದು ಮುಚ್ಚಳವನ್ನಷ್ಟೇ ಹೊರಗೆ ತನ್ನಿ. ರಾಟೆಗೆ ಕೈ ಹಾಕಬೇಡಿ. ಮುಚ್ಚಳವನ್ನು ಕೈಯಲ್ಲಿ ಹಿಡಿದು ಹಗ್ಗವನ್ನು ಒಂದು ಗೇಣು ಎಳೆದು, ಹಿಡಿಯನ್ನು ಬಿಡದೆ ನಿಧಾನವಾಗಿ ಹಿಂದಕ್ಕೆ ಕಳುಹಿಸಿ. ಈ ಒಂದು ಪರೀಕ್ಷೆಯಿಂದ ಅರ್ಧ ಉತ್ತರ ಸಿಗುತ್ತದೆ.

1. ಹಗ್ಗ ಸಲೀಸಾಗಿ ಒಳಗೆ ಹೋದರೆ: ದೋಷ ಸ್ಪ್ರಿಂಗಿನಲ್ಲಿಲ್ಲ. ಹಲ್ಲುಗಳು ಕೊಳೆಯಿಂದ ಸಿಕ್ಕಿಕೊಂಡು ಬಿಡದೆ ಇರಬಹುದು. ಹಲ್ಲುಗಳು ಕೆಲವು ಮಿಷನ್ನುಗಳಲ್ಲಿ ರಾಟೆಯ ಮೇಲೆ, ಕೆಲವಲ್ಲಿ ಮ್ಯಾಗ್ನೆಟ್ ಚಕ್ರದ ಮೇಲೆ ಇರುತ್ತವೆ. ಬೆರಳಿನಿಂದ ಅಲ್ಲಾಡಿಸಿ ನೋಡಿ, ಬ್ರಷ್ಷಿನಿಂದ ಶುಚಿಮಾಡಿ. ಮುಚ್ಚಳ ಓರೆಯಾಗಿ ಕೂತಿದ್ದರೂ ಹೀಗಾಗುತ್ತದೆ. ಮತ್ತೆ ಹಾಕುವಾಗ ಸ್ಕ್ರೂಗಳನ್ನು ಸಡಿಲವಾಗಿ ಹಾಕಿ, ಹಗ್ಗವನ್ನು ಒಂದು ಗೇಣು ಎಳೆದು ಹಿಡಿದುಕೊಂಡು ಆಮೇಲೆ ಬಿಗಿಮಾಡಿ. ಮುಚ್ಚಳ ತಾನೇ ನಡುವಿಗೆ ಬಂದು ಕೂರುತ್ತದೆ.

2. ಹೋಗುತ್ತದೆ, ಆದರೆ ತಡೆತಡೆದು: ನಮ್ಮ ಕಡೆ ಬಹುಪಾಲು ಇದೇ. ಹೊಟ್ಟು ತುಂಬಿರುತ್ತದೆ. ಒಣ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ಪೆಟ್ರೋಲು ಸುರಿದು ತೊಳೆಯಕೂಡದು, ಬೆಂಕಿಯ ಭಯವುಂಟು. ಹಗ್ಗ ಹೊರಬರುವ ಕಿಂಡಿ ಸವೆದು ಅಂಚು ಹರಿತವಾಗಿದೆಯೇ, ಹಗ್ಗ ಎಳೆಎಳೆಯಾಗಿ ಬಿಚ್ಚಿದೆಯೇ ನೋಡಿ. ರಾಟೆಯ ನಡುಗಂಬಕ್ಕೆ ಒಂದೆರಡು ಹನಿ ತೆಳು ಮಿಷನ್ ಎಣ್ಣೆ ಸಾಕು. ಗ್ರೀಸು ಬಳಿದರೆ ಹೊಟ್ಟು ಇನ್ನೂ ಹೆಚ್ಚು ಅಂಟುತ್ತದೆ. ತೆಂಗಿನೆಣ್ಣೆಯೂ ಬೇಡ, ಚಳಿಗೆ ಹೆಪ್ಪುಗಟ್ಟುತ್ತದೆ.

3. ಮುಕ್ಕಾಲು ಹೋಗಿ, ಹಿಡಿ ಜೋತುಬಿದ್ದರೆ: ಸ್ಪ್ರಿಂಗಿನ ಬಿಗಿ ಸಾಲದು. ಇಲ್ಲವೇ ಹೊಸದಾಗಿ ಹಾಕಿದ ಹಗ್ಗ ಉದ್ದವಾಗಿದೆ ಅಥವಾ ದಪ್ಪವಾಗಿದೆ.

4. ಎಳೆಯುವಾಗ ಹಿಂದಕ್ಕೆಳೆಯುವ ಬಲವೇ ತೋರದಿದ್ದರೆ: ಸ್ಪ್ರಿಂಗು ಮುರಿದಿದೆ, ಇಲ್ಲವೇ ಅದರ ತುದಿಯ ಕೊಕ್ಕೆ ಕಳಚಿದೆ.

ಹಗ್ಗವನ್ನು ಎಳೆಯಲಿಕ್ಕೇ ಆಗದಿದ್ದರೆ ಅದು ಬೇರೆಯ ರೋಗ. ಮುಚ್ಚಳ ತೆಗೆದ ಮೇಲೆ ಹಗ್ಗ ಸಲೀಸಾಗಿ ಬಂದರೆ ಇಂಜಿನ್ನೇ ಹಿಡಿದುಕೊಂಡಿದೆಯೆಂದು ತಿಳಿದು ಮೆಕ್ಯಾನಿಕ್ಕನಿಗೆ ತೋರಿಸತಕ್ಕದ್ದು.

ಹಗ್ಗ ಬದಲಾಯಿಸುವಾಗ

ಹಳೆಯ ಹಗ್ಗದ ದಪ್ಪ ಮತ್ತು ಉದ್ದವನ್ನೇ ಅಳೆದು ತನ್ನಿ. ಸಣ್ಣ ಮಿಷನ್ನುಗಳಿಗೆ ಸಾಮಾನ್ಯವಾಗಿ 3ರಿಂದ 3.5 ಮಿಲಿಮೀಟರ್ ದಪ್ಪದ, ಸುಮಾರು ಒಂದು ಮೀಟರ್ ಉದ್ದದ ಹೆಣೆದ ನೈಲಾನ್ ಹಗ್ಗ ಬರುತ್ತದೆ. ಮನೆಯಲ್ಲಿರುವ ಸುತಲಿಯನ್ನೋ ಬಟ್ಟೆ ಒಣಹಾಕುವ ಹಗ್ಗವನ್ನೋ ಕಟ್ಟಿದರೆ ಎರಡು ದಿನವೂ ಬಾಳುವುದಿಲ್ಲ. ತುದಿಗಳನ್ನು ಬೆಂಕಿಗೆ ಹಿಡಿದು ಕರಗಿಸಿದರೆ ಎಳೆ ಬಿಚ್ಚುವುದಿಲ್ಲ. ಈ ಕೆಲಸವನ್ನು ಪೆಟ್ರೋಲು ಇರುವಲ್ಲಿ ಮಾಡಬೇಡಿ. ಹಗ್ಗ ತುಂಡಾದಾಗ ಸ್ಪ್ರಿಂಗು ತನ್ನ ಬಿಗಿಯನ್ನು ಪೂರಾ ಬಿಟ್ಟಿರುತ್ತದೆ. ಆದುದರಿಂದ ಹೊಸ ಹಗ್ಗ ಹಾಕಿದ ಮೇಲೆ ಬಿಗಿಯನ್ನೂ ಕೊಡಬೇಕು.

ಸ್ಪ್ರಿಂಗಿಗೆ ಬಿಗಿ ಕೊಡುವುದು

ರಾಟೆಯ ಅಂಚಿನಲ್ಲಿ ಹಗ್ಗ ಕೂರುವಂತೆ ಒಂದು ಕಚ್ಚು ಇರುತ್ತದೆ. ಸ್ವಲ್ಪ ಹಗ್ಗವನ್ನು ರಾಟೆಯಿಂದ ಬಿಡಿಸಿ, ರಾಟೆಗೂ ಕಿಂಡಿಗೂ ನಡುವೆ ಒಂದು ಕುಣಿಕೆ ಮಾಡಿ ಆ ಕಚ್ಚಿನಲ್ಲಿ ಸಿಕ್ಕಿಸಿ. ಕುಣಿಕೆಯನ್ನೇ ಹಿಡಿದು, ಹಗ್ಗ ಎಳೆದಾಗ ರಾಟೆ ತಿರುಗುವ ದಿಕ್ಕಿಗೇ ತಿರುಗಿಸಿ. ಎಷ್ಟು ಸುತ್ತು ಎಂಬುದು ಮಿಷನ್ನಿನ ಜೊತೆ ಬಂದ ಪುಸ್ತಕದಲ್ಲಿರುತ್ತದೆ. ಪುಸ್ತಕವಿಲ್ಲದಿದ್ದರೆ ಒಂದೊಂದೇ ಸುತ್ತು ಕೊಟ್ಟು ಪರೀಕ್ಷಿಸಿ. ಸುತ್ತು ಕೊಟ್ಟ ಮೇಲೆ ರಾಟೆಯನ್ನು ಬಿಗಿಯಾಗಿ ಹಿಡಿದುಕೊಂಡು, ಕುಣಿಕೆಯಲ್ಲಿ ಮುರಿಬಿದ್ದ ಹಗ್ಗವನ್ನು ಹೊರಗೆಳೆದು ನೇರಮಾಡಿ, ಆಮೇಲೆ ನಿಧಾನವಾಗಿ ಒಳಗೆ ಸುತ್ತಿಕೊಳ್ಳಲು ಬಿಡಿ.

ಬಿಗಿ ಸರಿಯಿದೆಯೆಂದು ತಿಳಿಯಲು ಎರಡು ಗುರುತುಗಳುಂಟು. ಹಿಡಿ ಕಿಂಡಿಗೆ ಒತ್ತಿ ನೆಟ್ಟಗೆ ಕೂರಬೇಕು. ಒಂದು ಪಕ್ಕಕ್ಕೆ ವಾಲಿದರೆ ಇನ್ನೊಂದು ಸುತ್ತು ಕೊಡಿ. ಹಗ್ಗವನ್ನು ಪೂರಾ ಹೊರಗೆಳೆದಾಗಲೂ ರಾಟೆ ಇನ್ನೂ ಅರ್ಧ ಸುತ್ತು ತಿರುಗುವಂತಿರಬೇಕು. ತಿರುಗದಿದ್ದರೆ ಬಿಗಿ ಹೆಚ್ಚಾಗಿದೆ, ಒಂದು ಸುತ್ತು ಕಡಿಮೆ ಮಾಡಿ. ಅತಿ ಬಿಗಿ ಕೊಟ್ಟ ಸ್ಪ್ರಿಂಗು ಕೆಲವೇ ದಿನಗಳಲ್ಲಿ ಮುರಿಯುತ್ತದೆ.

ಸ್ಪ್ರಿಂಗೇ ಮುರಿದಿದ್ದರೆ

ಈ ಕೆಲಸವನ್ನು ಕಲಿತವರಿಂದಲೇ ಮಾಡಿಸುವುದು ಮೇಲು. ರಾಟೆಯನ್ನು ತೆಗೆಯುವ ಮೊದಲು ಉಳಿದ ಬಿಗಿಯನ್ನೆಲ್ಲಾ ನಿಧಾನವಾಗಿ ಬಿಡಿಸಲೇಬೇಕು. ನಾನು ಮಾಡದೆ ಬಿಟ್ಟದ್ದು ಇದೊಂದೇ ಹೆಜ್ಜೆ. ಮುರಿದ ಸ್ಪ್ರಿಂಗು ಸತ್ತ ಹಾವೆಂದು ತಿಳಿಯಬೇಡಿ. ಡಬ್ಬಿಯೊಳಗೆ ಸುರುಳಿಯಾಗಿರುವ ತುಂಡುಗಳಿಗೂ ನೆಗೆಯುವ ಶಕ್ತಿ ಉಳಿದಿರುತ್ತದೆ. ಅಂಗಡಿಯಲ್ಲಿ ಸ್ಪ್ರಿಂಗು ಒಂದೇ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ. ಎಷ್ಟೋ ಸಲ ಇಡೀ ಸ್ಟಾರ್ಟರ್ ಕೊಳ್ಳುವ ಅವಶ್ಯಕತೆ ಇರುವುದಿಲ್ಲ.

ಎಚ್ಚರ ತಪ್ಪಿ ಕಣ್ಣಿಗೆ ಏಟು ಬಿದ್ದರೆ ಉಜ್ಜಬಾರದು, ಒತ್ತಬಾರದು, ಚುಚ್ಚಿಕೊಂಡ ಚೂರನ್ನು ಕೀಳಬಾರದು. ಹಾಲು, ಎಣ್ಣೆ, ಸೊಪ್ಪಿನ ರಸ ಯಾವುದನ್ನೂ ಹಾಕಬಾರದು. ಶುಚಿಯಾದ ಕಾಗದದ ಲೋಟವನ್ನು ಕಣ್ಣಿಗೆ ಸೋಕದಂತೆ ಕವಿಚಿ ಕಟ್ಟಿ, ತಡಮಾಡದೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಹತ್ತಿರದ ಕಣ್ಣಿನ ವೈದ್ಯರಲ್ಲಿಗೋ ಕರೆದೊಯ್ಯಿರಿ.

ದೋಷ ಬಾರದಂತೆ ನೋಡಿಕೊಳ್ಳುವುದು

ಸಕ್ರೆಬೈಲಿನ ಬಿಡಾರದಲ್ಲಿ ಮಾವುತರು ಆನೆಯನ್ನು ದಿನವೂ ಹೊಳೆಗಿಳಿಸಿ ಮೈ ತಿಕ್ಕುವುದನ್ನು ನಾವೆಲ್ಲಾ ನೋಡಿದ್ದೇವೆ. ದುಡಿಯುವ ಮಿಷನ್ನಿಗೂ ದಿನದ ಆರೈಕೆ ಬೇಕು. ಇದಕ್ಕೆ ನೀರು ಮಾತ್ರ ಬೇಡ. ಕೆಲಸ ಮುಗಿದ ಸಂಜೆ ಮುಚ್ಚಳದ ಸೀಳುಗಳಲ್ಲಿರುವ ಹೊಟ್ಟನ್ನು ಬ್ರಷ್ಷಿನಿಂದ ತೆಗೆಯಿರಿ. ಇಂಜಿನ್ನನ್ನು ತಣ್ಣಗಿಡುವ ಗಾಳಿ ಒಳಗೆ ಹೋಗುವುದೂ ಅದೇ ಸೀಳುಗಳಿಂದ. ಅವು ಮುಚ್ಚಿದರೆ ಹಗ್ಗ ಮಾತ್ರವಲ್ಲ, ಇಂಜಿನ್ನೂ ಕೆಡುತ್ತದೆ. ಮಳೆಗಾಲದಲ್ಲಿ ಮಿಷನ್ನನ್ನು ನೆಲದ ಮೇಲಿಡದೆ ಅಟ್ಟದಲ್ಲೋ ಹಲಗೆಯ ಮೇಲೋ ಇಡಿ.

ಎಳೆಯುವಾಗ ಮೊದಲು ನಿಧಾನವಾಗಿ, ಹಲ್ಲು ಕಚ್ಚಿದ್ದು ಕೈಗೆ ತಿಳಿಯುವವರೆಗೆ, ಆಮೇಲೆ ಚುರುಕಾಗಿ. ಅಡ್ಡಡ್ಡ ಎಳೆಯದೆ ನೇರವಾಗಿ ಎಳೆಯಿರಿ. ಹಗ್ಗದ ಕೊನೆಯವರೆಗೂ ಎಳೆಯಬೇಡಿ. ಎಳೆದ ಮೇಲೆ ಹಿಡಿಯನ್ನು ಪಟ್ಟನೆ ಬಿಡದೆ ಕೈಯಿಂದಲೇ ಒಳಗೆ ಕಳುಹಿಸಿ. ಕಳೆ ಕೊಚ್ಚುವ ಮಿಷನ್ನಿನಲ್ಲೂ, ಔಷಧಿ ಹೊಡೆಯುವ ಎಷ್ಟೋ ಮಿಷನ್ನುಗಳಲ್ಲೂ ಇರುವುದು ಇಂಥದೇ ಸ್ಟಾರ್ಟರ್. ಇಲ್ಲಿ ಕಲಿತದ್ದು ಅಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ನೆನಪಿಡಿ

ಮೊದಲು ಪ್ಲಗ್ಗಿನ ಟೋಪಿ ತೆಗೆಯಿರಿ. ಮುಚ್ಚಳವನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಿ. ಮೊದಲ ಅನುಮಾನ ಹೊಟ್ಟಿನ ಮೇಲಿರಲಿ, ಕೊನೆಯ ಅನುಮಾನ ಸ್ಪ್ರಿಂಗಿನ ಮೇಲೆ. ಬಿಗಿ ಬಿಡಿಸದೆ ರಾಟೆಯನ್ನು ಎತ್ತಕೂಡದು.

ಆ ತೋಟದ ಯಜಮಾನರ ಮನೆಯ ಜಗಲಿಯ ಗೂಟದಲ್ಲಿ ಈಗ ಒಂದು ಬ್ರಷ್ಷು, ಒಂದು ಕನ್ನಡಕ ಜೊತೆಯಾಗಿ ತೂಗುತ್ತಿವೆ. ನಿಮ್ಮ ಮನೆಯಲ್ಲೂ ಅವು ತೂಗಲಿ. ಮುಂದಿನ ಗಾಳಿಮಳೆ ಬರುವ ಮೊದಲೇ ಒಮ್ಮೆ ಮುಚ್ಚಳ ತೆಗೆದು ಶುಚಿಮಾಡಿಡಿ.