ಅರ್ಧ ಡೋಸಿನ ಮಾತ್ರೆ

ಪ್ರಶ್ನೆ: ಮೊಣಕಾಲು ನೋವಿಗೆ ಐಬುಪ್ರೊಫೆನ್ 400 ತೆಗೆದುಕೊಳ್ಳುತ್ತಿದ್ದೆ. ಈಗ ಡಾಕ್ಟರು ಡೆಕ್ಸ್‌ಐಬುಪ್ರೊಫೆನ್ 200 ಬರೆದಿದ್ದಾರೆ. ಡೋಸ್ ಸಾಲದಲ್ಲವೇ? ಹಳೆಯದನ್ನೂ ಜೊತೆಗೆ ನುಂಗಲೇ? ಬಿ.ಪಿ. ಮಾತ್ರೆಯೂ ಇದೆ.

ಉತ್ತರ: ದಯವಿಟ್ಟು ಎರಡನ್ನೂ ಒಟ್ಟಿಗೆ ನುಂಗಬೇಡಿ ಅಮ್ಮ. ನಿಮ್ಮ ಹಳೆಯ ಮಾತ್ರೆಯಲ್ಲಿ ಐಬುಪ್ರೊಫೆನ್‌ನ ಎರಡು ರೂಪಗಳು ಸಮಪಾಲು ಇರುತ್ತವೆ: ಎಸ್ ಮತ್ತು ಆರ್. ಪರಮಾಣುಗಳು ಅವೇ, ಜೋಡಣೆ ಮಾತ್ರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು. ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಿಡಿಯದ ಹಾಗೆ, ನೋವು-ಊತಕ್ಕೆ ಕಾರಣವಾಗುವ ಕಾಕ್ಸ್ ಕಿಣ್ವದೊಳಗೆ ಸರಿಯಾಗಿ ಕೂರುವುದು ಎಸ್ ರೂಪ.

ಹಾಗೆಂದು ಆರ್ ವ್ಯರ್ಥವಲ್ಲ. ನನಗೆ ಇಂದಿಗೂ ಬೆರಗು ಹುಟ್ಟಿಸುವ ಸಂಗತಿ ಇದು: ಯಕೃತ್ತಿನಲ್ಲಿ ಅದು ಕೋಎಂಜೈಮ್-ಎ ಜೊತೆ ಕೂಡಿಕೊಂಡು, ಇನ್ನೊಂದು ಕಿಣ್ವದ ಕೈಯಲ್ಲಿ ಮಗುಚಿ, ಅರ್ಧಕ್ಕಿಂತ ಹೆಚ್ಚು ಪಾಲು ಎಸ್ ಆಗಿ ಹೊರಬರುತ್ತದೆ. ಎಸ್ ಮತ್ತೆ ಆರ್ ಆಗುವುದಿಲ್ಲ. ಇದೇ ಗುಂಪಿನ ಇನ್ನೊಂದು ನೋವಿನ ಮಾತ್ರೆ ಕೀಟೊಪ್ರೊಫೆನ್‌ನಲ್ಲಿ ಈ ಬದಲಾವಣೆ ಮನುಷ್ಯರಲ್ಲಿ ತೀರಾ ಕಡಿಮೆ. ಅದೇ ಗುಂಪಿನ ನೆಪ್ರಾಕ್ಸೆನ್ ಅನ್ನು ಎಸ್ ರೂಪದಲ್ಲೇ ಮಾರುತ್ತಾರೆ.

ನಿಮ್ಮ ಹೊಸ ಮಾತ್ರೆ ಬರೀ ಎಸ್. ಅದಕ್ಕೇ 200 ಮಿ.ಗ್ರಾಂ. ಆದರೆ ಶುದ್ಧ ರೂಪವಾದ್ದರಿಂದ ಹೊಟ್ಟೆಗೆ ಏನೂ ಆಗದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನೋವು ತಗ್ಗಿಸುವ ಎಸ್ ರೂಪವೇ ಜಠರದ ಒಳಪದರದ ರಕ್ಷಣೆಯನ್ನೂ ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನೂ ಕುಗ್ಗಿಸಬಲ್ಲದು. ಬಿ.ಪಿ. ಮಾತ್ರೆಯ ಪರಿಣಾಮವೂ ತಗ್ಗಬಹುದು. ಅದರ ವಿಷಯ ಡಾಕ್ಟರಿಗೆ ಹೇಳಿದ್ದೀರಾ? ಇಲ್ಲವಾದರೆ ಇಂದೇ ಹೇಳಿ. ಊಟದ ನಂತರ ನುಂಗಿ, ಬಿ.ಪಿ. ನೋಡಿಸಿಕೊಳ್ಳುತ್ತಿರಿ. ಮಲ ಕಪ್ಪಗೆ ಅಂಟಂಟಾಗಿ ಹೋದರೆ ಮಾತ್ರೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಿ.