‘ಕೂಲ್ ಡೌನ್’, ‘ಕೂಲ್ ಆಫ್’: ಕನ್ನಡಕ್ಕೆ ತರುವಾಗ

ಕಳೆದ ಪರೀಕ್ಷೆಯ ಅನುವಾದದ ಪ್ರಶ್ನೆಯಲ್ಲಿ ‘ಕೂಲಿಂಗ್ ಆಫ್ ಪೀರಿಯಡ್’ ಎಂಬ ಮಾತು ಬಂದಿತ್ತು. ಪರಸ್ಪರ ಒಪ್ಪಿಗೆಯ ವಿಚ್ಛೇದನವನ್ನು ಕುರಿತ ವಾಕ್ಯವದು. ಬಹುಪಾಲು ಉತ್ತರಪತ್ರಿಕೆಗಳಲ್ಲಿ ‘ತಣ್ಣಗಾಗುವ ಕಾಲ’ ಎಂದಿತ್ತು. ಕೆಲವದರಲ್ಲಿ ‘ತಣಿಯುವ ಅವಧಿ’ ಎಂದಿತ್ತು. ನಿಘಂಟನ್ನು ಮುಂದಿಟ್ಟುಕೊಂಡರೆ ಎರಡನ್ನೂ ಸಮರ್ಥಿಸಬಹುದು. ಆ ವಾಕ್ಯವನ್ನು ಓದಬೇಕಾದವರನ್ನು ಮುಂದಿಟ್ಟುಕೊಂಡರೆ ಎರಡೂ ಸಲ್ಲವು.

ಮೊದಲು ಇಂಗ್ಲಿಷಿನ ಕಡೆಗೆ. ‘ಕೂಲ್’ ಎಂಬ ಕ್ರಿಯಾಪದಕ್ಕೆ ‘ಡೌನ್’, ‘ಆಫ್’ ಎಂಬ ಕಿರುಪದಗಳು ಸೇರಿ ಈ ಜೋಡಿಗಳಾಗಿವೆ. ‘ಡೌನ್’ ಸೇರಿದಾಗ ಏರಿದ ಕಾವು ಸಹಿಸುವ ಮಟ್ಟಕ್ಕೆ ಇಳಿಯಿತೆಂಬ ಭಾವ ಬರುತ್ತದೆ. ‘ಆಫ್’ ಸೇರಿದಾಗ ಬಿಸಿಲಿನಲ್ಲಿ ಬೆಂದವರು ನೀರಿಗಿಳಿದು ಮೈ ತಂಪು ಮಾಡಿಕೊಳ್ಳುವುದು, ಉತ್ಸಾಹವೋ ಪ್ರೀತಿಯೋ ಕುಂದುವುದು ಮುಂತಾದ ಅರ್ಥಗಳು ಹೆಚ್ಚು. ಸಿಟ್ಟಿನ ವಿಷಯದಲ್ಲಿ ಎರಡೂ ನಡೆಯುತ್ತವೆ. ‘ಕೂಲ್ ದ ಮಿಲ್ಕ್ ಡೌನ್’ ಎನ್ನಬಹುದು, ‘ಕೂಲ್ ಡೌನ್ ದ ಮಿಲ್ಕ್’ ಎನ್ನಲೂಬಹುದು. ಆದರೆ ಸರ್ವನಾಮ ಬಂದರೆ ಅದು ನಡುವೆಯೇ ಕೂರಬೇಕು: ‘ಕೂಲ್ ಇಟ್ ಡೌನ್’. ಹಾಲು ತಾನಾಗಿ ಆರಿದರೂ ನಾವು ಆರಿಸಿದರೂ ಇಂಗ್ಲಿಷಿನಲ್ಲಿ ಕ್ರಿಯಾಪದದ ರೂಪ ಒಂದೇ. ಕನ್ನಡದಲ್ಲಿ ‘ಇಸು’ ಪ್ರತ್ಯಯ ಆ ಭೇದವನ್ನು ತೋರಿಸುತ್ತದೆ: ಆರು–ಆರಿಸು, ತಣಿ–ತಣಿಸು.

‘ಆರು’ ಎಂಬ ಧಾತುವನ್ನು ತುಸು ನಿಂತು ನೋಡಬೇಕು. ಅನ್ನ ಆರುತ್ತದೆ, ದೀಪ ಆರುತ್ತದೆ, ಒದ್ದೆ ಬಟ್ಟೆ ಆರುತ್ತದೆ, ಬಾಯಿ ಆರುತ್ತದೆ. ಬಿಸಿಯೋ ಬೆಳಕೋ ತೇವವೋ, ಇದ್ದುದೊಂದು ಹೊರಟುಹೋಗುವುದು ಇಲ್ಲೆಲ್ಲ ಸಮಾನ. ಇದರ ಮುಂದೆ ಸಹಾಯಕ ಕ್ರಿಯಾಪದ ಬಂದಾಗ ಅರ್ಥದ ಬಣ್ಣವೇ ಬದಲಾಗುತ್ತದೆ. ‘ಚಹ ಸ್ವಲ್ಪ ಆರಲಿ’ ಎಂದರೆ ಕುಡಿಯುವ ಹದಕ್ಕೆ ಬರಲಿ ಎಂದರ್ಥ. ಇದು ‘ಕೂಲ್ ಡೌನ್’ಗೆ ಸರಿಸಮ. ‘ಚಹ ಆರಿಹೋಯಿತು’ ಎಂದರೆ ಕೆಟ್ಟಿತು, ಮತ್ತೆ ಕಾಯಿಸಬೇಕು. ನಮ್ಮ ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಮನೆಗಳಲ್ಲಿ ಮರಾಠಿಯೂ ಕಿವಿಯ ಮೇಲೆ ಬೀಳುವುದರಿಂದ ಈ ಭೇದ ನಿಮಗೆ ಹೊಸತಲ್ಲ. ‘ಚಹಾ ನಿವೂ ದೇ’ ಎನ್ನುವಾಗಿನ ಸಮಾಧಾನ ‘ಚಹಾ ಗಾರ ಝಾಲಾ’ ಎನ್ನುವಾಗ ಇರುವುದಿಲ್ಲ. ಎರಡು ಭಾಷೆ ಬಲ್ಲವರಿಗೆ ಇಂಥ ಕಡೆ ಅನುಕೂಲವೇ ಹೆಚ್ಚು. ಅದನ್ನು ತೊಡಕೆಂದು ಭಾವಿಸುವ ವಿದ್ಯಾರ್ಥಿಗಳನ್ನು ಕಂಡಾಗ ನನಗೆ ಬೇಸರವಾಗುತ್ತದೆ.

ಹವೆಗೆ ಮಾತ್ರ ‘ಆರು’ ಒಗ್ಗದು. ಮಳೆ ಬಿದ್ದು ಹವೆ ‘ತಂಪಾಯಿತು’ ಎನ್ನಬೇಕು. ಓಟಗಾರರು ಕೊನೆಯಲ್ಲಿ ಮಾಡುವ ‘ಕೂಲ್ ಡೌನ್’ಗೆ ‘ದಣಿವಾರಿಸು’ ಎಂಬ ಸೊಗಸಾದ ಪದ ನೆನಪಾದರೂ ಅದು ಪೂರ್ತಿ ಹೊಂದುವುದಿಲ್ಲ. ದಣಿವಾರಿಸುವವನು ಕುಳಿತುಬಿಡುತ್ತಾನೆ; ಓಟಗಾರನು ನಿಧಾನವಾಗಿ ನಡೆಯುತ್ತಲೇ ಇರುತ್ತಾನೆ.

ಸಿಟ್ಟಿಗೆ ಕನ್ನಡದಲ್ಲಿ ಏರುವುದೂ ಇಳಿಯುವುದೂ ಇದೆ. ‘ಡೌನ್’ ಎಂಬುದರ ಭಾವ ‘ಸಿಟ್ಟು ಇಳಿಯಿತು’ ಎಂಬಲ್ಲಿ ತಾನಾಗಿಯೇ ಬಂದಿದೆ. ಎಚ್ಚರ ಬೇಕಾದುದು ‘ತಣಿ’ಯ ವಿಷಯದಲ್ಲಿ. ಕಣ್ಣು ತಣಿಯಿತು, ಮನ ತಣಿಯಿತು ಎಂದರೆ ತೃಪ್ತಿಯಾಯಿತು. ಗಂಡಹೆಂಡಿರ ಪ್ರೀತಿ ‘ಕೂಲ್ಡ್ ಆಫ್’ ಎಂಬುದನ್ನು ‘ಪ್ರೀತಿ ತಣಿಯಿತು’ ಎಂದು ಬರೆದರೆ ಮೂಲದ ಅರ್ಥ ತಲೆಕೆಳಗಾಗುತ್ತದೆ. ‘ಪ್ರೀತಿಯ ಕಾವು ಆರಿತು’ ಎಂದರೆ ಸರಿ.

ಈಗ ಪರೀಕ್ಷೆಯ ವಾಕ್ಯಕ್ಕೆ. ಹಿಂದೂ ವಿವಾಹ ಅಧಿನಿಯಮ 1955ರ 13ಬಿ ಕಲಮಿನ ಪ್ರಕಾರ ಇಬ್ಬರೂ ಸೇರಿ ಅರ್ಜಿ ಸಲ್ಲಿಸಿದ ಮೇಲೆ ಆರು ತಿಂಗಳು ಕಳೆದು, ಹದಿನೆಂಟು ತಿಂಗಳು ಮೀರದೊಳಗೆ ಮತ್ತೆ ನ್ಯಾಯಾಲಯವನ್ನು ಕೋರಬೇಕು. ಮನಸ್ಸು ಬದಲಾದರೆ ಹಿಂದೆ ಸರಿಯಲು ಅವಕಾಶವಿರಲೆಂದು ಈ ವಿರಾಮ. ‘ಕೂಲಿಂಗ್ ಆಫ್’ ಎಂಬ ಮಾತು ಕಲಮಿನಲ್ಲಿಲ್ಲ. ಅದು ನ್ಯಾಯಾಲಯಗಳ ಬಳಕೆಯಿಂದ ರೂಢಿಯಾದದ್ದು. ಆರು ತಿಂಗಳ ಕಾಯುವಿಕೆ ಕಡ್ಡಾಯವಲ್ಲ, ಸಂದರ್ಭ ನೋಡಿ ನ್ಯಾಯಾಲಯ ಅದನ್ನು ಬಿಡಬಹುದು ಎಂದು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಅಮರದೀಪ್ ಸಿಂಗ್ ಪ್ರಕರಣದಲ್ಲಿ ಹೇಳಿತು.

ಕನ್ನಡದಲ್ಲಿ ‘ಪ್ರಕರಣ ತಣ್ಣಗಾಯಿತು’ ಎಂದರೆ ಅದನ್ನು ಕೇಳುವವರೇ ಇಲ್ಲವಾದರು ಎಂದರ್ಥ. ಮರಾಠಿಯ ‘ಪ್ರಕರಣ ಥಂಡಾವಲೆ’ ಎಂಬುದೂ ಹಾಗೆಯೇ. ತವರಿನಲ್ಲಿ ಕುಳಿತ ಹೆಣ್ಣುಮಗಳೊಬ್ಬಳಿಗೆ ‘ಇದು ತಣ್ಣಗಾಗುವ ಕಾಲ’ ಎಂದು ಓದಿ ಹೇಳಿದರೆ ತನ್ನ ಅರ್ಜಿ ಮುಗಿದುಹೋಯಿತೆಂದು ಅವಳು ತಿಳಿಯಬಹುದು. ಮುಂದಿನ ತಾರೀಖಿಗೆ ಹೋಗದೆಯೂ ಉಳಿಯಬಹುದು. ‘ತಣಿಯುವ ಅವಧಿ’ ಎಂದರಂತೂ ಅವಳಿಗೆ ಏನೂ ತಿಳಿಯದು. ಇಲ್ಲಿ ಬೇಕಾದುದು ಕಾವಿನ ರೂಪಕವಲ್ಲ, ಅದರ ಉದ್ದೇಶ. ‘ಮರುಯೋಚನೆಯ ಅವಧಿ’ ಎಂದು ಬರೆದವರು ಇಬ್ಬರೇ. ಅವರಿಗೆ ಪೂರ್ಣಾಂಕ ಕೊಟ್ಟಿದ್ದೇನೆ.