ಬೀದಿ ಮಕ್ಕಳು: ಚಪ್ಪಾಳೆ ಮುಗಿದ ಮೇಲೆ



ಬೀದಿ ಮಕ್ಕಳ ಬಗ್ಗೆ ನಾಟಕ ಆಡಿಸ್ತೇವೆ, ಹಾಡು ಕಟ್ತೇವೆ, ನೋಡಿದವರು ಕಣ್ಣೀರೂ ಹಾಕ್ತಾರೆ. ಆಮೇಲೇನು? ಒಂದು ನಿಜ ಸಂಗತಿ ನೋಡೋಣ.

1988ರಲ್ಲಿ ಮೀರಾ ನಾಯರ್ ಅವರ ‘ಸಲಾಮ್ ಬಾಂಬೆ!’ ಚಿತ್ರ ಬಂತು. ಅದರಲ್ಲಿ ಅಭಿನಯಿಸಿದ ಮಕ್ಕಳಲ್ಲಿ ಹಲವರು ಮುಂಬಯಿಯ ಬೀದಿಯಲ್ಲೇ ಬದುಕುತ್ತಿದ್ದವರು. ಚಿತ್ರೀಕರಣಕ್ಕೆ ಮೊದಲು ಅವರಿಗಾಗಿ ಕಾರ್ಯಾಗಾರ ನಡೆಯಿತು. ಚಹಾ ಹಂಚುವ ಹುಡುಗನ ಪಾತ್ರ ಮಾಡಿದ ಶಫೀಕ್ ಸೈಯದ್, ಬೆಂಗಳೂರಿನಿಂದ ಓಡಿಹೋಗಿದ್ದ ಬಾಲಕ. ರಾಷ್ಟ್ರಪ್ರಶಸ್ತಿ ಸಿಕ್ಕಿತು, ಆದರೆ ಸಿನಿಮಾ ಅನ್ನ ಕೊಡಲಿಲ್ಲ. ಊರಿಗೆ ಮರಳಿ ಆಟೋ ಓಡಿಸಿದರು.

ಅದೇ ಚಿತ್ರದ ಹಣದಿಂದ ಸಲಾಮ್ ಬಾಲಕ್ ಟ್ರಸ್ಟ್ ಹುಟ್ಟಿತು. ದೆಹಲಿ, ಮುಂಬಯಿಗಳಲ್ಲಿ ಮಕ್ಕಳಿಗೆ ಆಸರೆ, ಓದು, ಆರೋಗ್ಯದ ಆರೈಕೆ ಒದಗಿಸಿತು. ಬೀದಿಯಲ್ಲಿ ಬೆಳೆದ ಯುವಕರೇ ಪ್ರವಾಸಿಗರನ್ನು ದೆಹಲಿಯ ಪಹಾಡ್‌ಗಂಜ್ ಗಲ್ಲಿಗಳಲ್ಲಿ ಸುತ್ತಿಸಿ ತಮ್ಮ ಕಥೆ ಹೇಳುವ ‘ನಡಿಗೆ’ಯನ್ನೂ ಆರಂಭಿಸಿತು.

ನಾವು ಕಲಿಯಬೇಕಾದ್ದು:

1. ಕಥೆ ಮಗುವಿನದು, ನಮ್ಮದಲ್ಲ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ರಕ್ಷಣೆ ಬೇಕಾದ ಮಗುವಿನ ಹೆಸರು, ಫೋಟೋ ಪತ್ರಿಕೆ, ಟಿವಿಯಲ್ಲಿ ಬಯಲು ಮಾಡುವಂತಿಲ್ಲ.

2. ಒಂಟಿ ಮಗು ಕಂಡರೆ ಫೋಟೋ ತೆಗೆಯೋದಲ್ಲ, 1098ಕ್ಕೆ ಕರೆ ಮಾಡಿ. ಅಂಥ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಬೇಕು.

3. ಪ್ರಶಸ್ತಿ ಒಂದು ದಿನದ್ದು; ಓದು, ಕಸುಬು ಬಾಳಿಡೀ ಬೇಕು.

ಚರ್ಚೆಗೆ: ನಮ್ಮ ಊರಿನ ಬಸ್ ನಿಲ್ದಾಣದಲ್ಲಿ ರಾತ್ರಿ ಮಲಗುವ ಮಕ್ಕಳು ಯಾರು? ಕಳೆದ ಬೀದಿನಾಟಕ ಮುಗಿದ ಮೇಲೆ ಅವರಿಗಾಗಿ ನಾವು ಮಾಡಿದ್ದೇನು?